ಖಮರ್ ಆಪಾ ಬಾಗಿಲು ತಟ್ಟುವ ರೀತಿ

ಕೆ.ಆರ್. ಪುರದ ಒಂದಿಡೀ ಸಾಲಿನ ಜನರನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮಾಯ ಮಾಡಿದ್ದೇನೆ. ಮಂತ್ರ ಹಾಕಲಿಲ್ಲ, ಬುಲ್ಡೋಜರ್ ತರಲಿಲ್ಲ. ಕೈಯಲ್ಲಿ ಒಂದು ಟ್ಯಾಬ್ ಇತ್ತು, ಹೊಟ್ಟೆಯಲ್ಲಿ ಎರಡು ಪ್ಲೇಟ್ ಚಿತ್ರಾನ್ನ ಇತ್ತು, ತಲೆಯಲ್ಲಿ ಇತಿಹಾಸದ ಎಂ.ಎ. ಇತ್ತು. ಅಷ್ಟು ಸಾಕಾಯಿತು. ಅಲ್ಲಿ ರೊಟ್ಟಿ ಬಡಿದುಕೊಂಡು, ಜಗಳ ಆಡಿಕೊಂಡು, ಮಕ್ಕಳನ್ನು ಸಾಕಿಕೊಂಡು ಇದ್ದ ಸಂಸಾರಗಳನ್ನೆಲ್ಲ ಸಂಜೆ ಐದರೊಳಗೆ ‘ಖಾಲಿ ಮನೆ’ ಎಂದು ದಾಖಲಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಪಟ್ಟು ಮನೆಗೆ ಬಂದೆ. ಮಾರನೆಯ ದಿನ ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ಒಂದು ವಾರದ ಕೆಲಸ ಒಂದು ದಿನದಲ್ಲಿ ಮುಗಿಸಿದ್ದಕ್ಕೆ ಬೇಕರಿಯಿಂದ ದಿಲ್‌ಪಸಂದ್ ತರಿಸಿದರು. ನಾನು ಎರಡು ತುಂಡು ತಿಂದೆ.

ಖಮರ್ ಆಪಾ ಆ ವಾರ ರಜೆಯಲ್ಲಿದ್ದರು. ಅವರಿದ್ದಿದ್ದರೆ ದಿಲ್‌ಪಸಂದ್ ಬರುತ್ತಿರಲಿಲ್ಲ.

ಪೂರ್ತಿ ಹೆಸರು ಖಮರುನ್ನಿಸಾ. ನಮ್ಮ ಸಂಸ್ಥೆಯ ಫೀಲ್ಡ್ ಸೂಪರ್‌ವೈಸರ್. ಆಪಾ ಎಂದರೆ ಅಕ್ಕ. ವಯಸ್ಸಿನಲ್ಲಿ ನಮ್ಮಮ್ಮನಿಗಿಂತ ದೊಡ್ಡವರು, ಆದರೂ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎಲ್ಲರಿಗೂ ಅವರು ಆಪಾ. ನಾನು ಅವರನ್ನು ಮೊದಲು ಗಮನಿಸಿದ್ದು ಬಾಗಿಲು ತಟ್ಟುವಾಗ. ಬೆಲ್ ಇದ್ದರೂ ಒತ್ತುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಮೂರು ಸಲ, ಮಲಗಿದ ಮಗು ಏಳದಷ್ಟು ಮೆಲ್ಲಗೆ ತಟ್ಟಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬಾಗಿಲಿಗೆ ಅರ್ಧ ಬೆನ್ನು ಹಾಕಿ ಬೀದಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಯಾರೋ ಬಸ್ಸಿಗೆ ಕಾಯುತ್ತಿದ್ದಾರೆ ಅನ್ನಬೇಕು, ಹಾಗೆ. ಬಾಗಿಲು ತೆರೆದ ಮೇಲೂ ತಕ್ಷಣ ತಿರುಗುತ್ತಿರಲಿಲ್ಲ.

“ಯಾಕೆ ಆಪಾ, ಆ ಕಡೆ ತಿರುಗಿ ನಿಲ್ತೀರ?” ಎಂದು ಕೇಳಿದ್ದೆ.

“ಬಾಗಿಲು ತೆಗೆಯೋ ಹೆಂಗಸು ತಲೆ ಬಾಚಿರಲ್ಲ, ಸೆರಗು ಸರಿ ಇರಲ್ಲ. ಅಳ್ತಾ ಇದ್ರೂ ಇರ್ಬಹುದು. ಮುಖ ಒರೆಸ್ಕೊಳ್ಳೋಕೆ ಟೈಮ್ ಕೊಡ್ಬೇಕಲ್ಲ ಬೇಟಾ.”

ನನ್ನ ರೀತಿ ಬೇರೆ. ನಾನು ಬೆಲ್ ಒತ್ತಿದರೆ ಬೆರಳು ತೆಗೆಯುವುದು ಮರೆಯುತ್ತಿದ್ದೆ. ಮರ್ಫಿ ಟೌನಿನಲ್ಲಿ ಒಬ್ಬ ತಾತ ನನ್ನ ಬೆಲ್ಲಿಗೆ ಒಂದು ಬಕೆಟ್ ನೀರು ಹಿಡಿದುಕೊಂಡೇ ಹೊರಗೆ ಬಂದರು. “ಎಲ್ಲಿ ಬೆಂಕಿ?” ಎಂದರು. “ಬೆಂಕಿ ಇಲ್ಲ ತಾತ, ಸರ್ವೆ” ಎಂದೆ. ತಾತ ಬಕೆಟ್ಟನ್ನೂ ನನ್ನನ್ನೂ ಒಂದು ಸಲ ನೋಡಿದರು. ಅದನ್ನು ನನ್ನ ಮೇಲೇ ಸುರಿಯುವ ಯೋಚನೆ ಅವರಿಗೆ ಬಂದಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಪಾ ನಡುವೆ ಬಂದು ತಮಿಳಿನಲ್ಲಿ ಏನೋ ಹೇಳಿದರು. ತಾತ ನಕ್ಕು ಒಳಗೆ ಕರೆದರು. ಏನು ಹೇಳಿದಿರಿ ಎಂದು ಆಮೇಲೆ ಕೇಳಿದೆ. “ಹುಡುಗ ಹೊಸಬ, ಸ್ವಲ್ಪ ಲೂಸು, ಒಳ್ಳೆ ಮನೆಯವನು ಅಂದೆ” ಎಂದರು.

ನಾನು ಈ ಕೆಲಸಕ್ಕೆ ಬಂದದ್ದೇ ಒಂದು ವಿಚಿತ್ರ. ಎಂ.ಎ.ಯಲ್ಲಿ ನಾನು ಬರೆದ ಪ್ರಬಂಧ ಹಳೆಯ ಕಂಟೋನ್ಮೆಂಟಿನ ಕುದುರೆ ಲಾಯಗಳ ಮೇಲೆ. ಅದನ್ನು ಓದಿದವರು ಇಬ್ಬರು: ನಾನು, ಮತ್ತು ಟೈಪ್ ಮಾಡಿಕೊಟ್ಟವನು. ಅವನೂ ಕೊನೆಯ ಅಧ್ಯಾಯದಲ್ಲಿ ನಿದ್ದೆ ಹೋಗಿದ್ದ ಅನ್ನುವುದಕ್ಕೆ ಟೈಪಿಂಗೇ ಸಾಕ್ಷಿ. ಆದರೂ ಇಂದಿರಾನಗರದ ಈ ಸಣ್ಣ ಸಂಶೋಧನಾ ಸಂಸ್ಥೆಯ ನಿರ್ದೇಶಕಿ ವತ್ಸಲಾ ಮೇಡಂ ನನ್ನನ್ನು ತೆಗೆದುಕೊಂಡರು. ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ ಆಫೀಸು, ಕೆಳಗೆ ಹಲ್ಲಿನ ಡಾಕ್ಟರು. ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಾದರೆ ನೆಲದಡಿಯಿಂದ ಡ್ರಿಲ್ಲಿನ ಸದ್ದು ಕೇಳುತ್ತಿತ್ತು. ನನ್ನ ಹುದ್ದೆ ಪ್ರಾಜೆಕ್ಟ್ ಅಸೋಸಿಯೇಟ್. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ.

ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಇದನ್ನು ವಿವರಿಸುವುದು ಪ್ರಬಂಧಕ್ಕಿಂತ ಕಷ್ಟವಾಯಿತು.

“ಪಕ್ಕದ್ಮನೆಯವ್ರು ಕೇಳ್ತಾರೆ ಕಣೋ, ಮಗಂದು ಏನ್ ಕೆಲ್ಸ ಅಂತ. ಏನ್ ಹೇಳ್ಲಿ?” ಎಂದರು ಅಮ್ಮ.

“ರಿಸರ್ಚು, ಪ್ರಾಜೆಕ್ಟ್ ಮ್ಯಾನೇಜ್ಮೆಂಟು ಅಂತ ಹೇಳಮ್ಮ.”

“ಅಂದ್ರೆ?”

“ಮನೆ ಮನೆಗೆ ಹೋಗಿ ಪ್ರಶ್ನೆ ಕೇಳೋದು. ಆಮೇಲೆ ಅದನ್ನ ಬರೆಯೋದು.”

“ಅದಕ್ಕೆ ಎಂ.ಎ. ಯಾಕೋ? ನಮ್ ಬೀದಿ ರತ್ನಮ್ಮ ಅದೇ ಕೆಲ್ಸಾನ ಸಂಬಳ ಇಲ್ದೆ ಮಾಡ್ತಾಳೆ.”

ಆಪಾಗೆ ಎಂ.ಎ. ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಮದುವೆಯಾಯಿತಂತೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದರು. ಅಣ್ಣನದು ಶಿವಾಜಿನಗರದ ಗಲ್ಲಿಯೊಂದರಲ್ಲಿ ದಾರ, ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿ. ಪೋಲಿಯೋ ಹನಿ ಹಾಕುವ ಕೆಲಸಕ್ಕೆ ಹೆಂಗಸರು ಬೇಕು ಎಂದಾಗ ಇವರು ಹೋದರು, ಮತ್ತೆ ನಿಲ್ಲಿಸಲಿಲ್ಲ. ಮಕ್ಕಳಿಗೆ ಹನಿ ಹಾಕಿದ ಮನೆಯ ಗೋಡೆಗೆ ಸೀಮೆಸುಣ್ಣದಿಂದ ಒಂದು ಗುರುತು, ಬೀಗ ಹಾಕಿದ ಮನೆಗೆ ಒಂದು ಇಂಟು ಮಾರ್ಕು. ಇಂಟು ಹಾಕಿದ ಮನೆಗೆ ಸಂಜೆ ಮತ್ತೆ ಹೋಗಬೇಕು. ಇಲ್ಲದಿದ್ದರೆ ನಾಳೆ ಬೆಳಿಗ್ಗೆ. ಆ ಇಂಟು ಅಳಿಸುವವರೆಗೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ನಮ್ಮ ಸಂಸ್ಥೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಚೀಲದಲ್ಲಿ ಒಂದು ಸೀಮೆಸುಣ್ಣದ ತುಂಡು ಇದ್ದೇ ಇರುತ್ತಿತ್ತು. ಟ್ಯಾಬನ್ನು ಅವರು ನಂಬುತ್ತಿದ್ದರು, ಆದರೆ ಹೊಸ ಸೊಸೆಯನ್ನು ನಂಬಿದ ಹಾಗೆ, ಒಂದು ಕಣ್ಣಿಟ್ಟುಕೊಂಡು.

ಅವರ ಇನ್ನೊಂದು ನಿಯಮ ನೀರು. ಯಾವ ಮನೆಗೆ ಹೋದರೂ ಮೊದಲು ಒಂದು ಲೋಟ ನೀರು ಕೇಳುತ್ತಿದ್ದರು. ಬಾಯಾರಿಕೆ ಇರಲಿ ಬಿಡಲಿ.

“ಕೇಳೋಕೆ ಹೋದವರು ಮೊದ್ಲು ಅವರ ಕೈಯಿಂದ ಏನಾದ್ರೂ ತಗೋಬೇಕು. ಆವಾಗ ಅವ್ರು ಕೊಟ್ಟೋರು, ನಾವು ತಗೊಂಡೋರು. ಆಮೇಲೆ ಮಾತು ಬರುತ್ತೆ.”

ನನಗೆ ಇದು ಅದ್ಭುತವಾಗಿ ಕಂಡಿತು. ಹಲಸೂರಿನಲ್ಲಿ ಒಬ್ಬನೇ ಹೋದ ದಿನ ತಪ್ಪದೆ ಪಾಲಿಸಿದೆ. ಹನ್ನೊಂದು ಮನೆ, ಹನ್ನೊಂದು ಲೋಟ. ಹನ್ನೆರಡನೆಯ ಮನೆಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆ ಮನೆಯ ಯಜಮಾನರು ಪಾಪ, ಹಿತ್ತಿಲ ಕಡೆ ಕೈ ತೋರಿಸಿದರು. ಇದನ್ನು ಆಪಾಗೆ ಹೇಳಿದಾಗ ಅವರು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಐದು ನಿಮಿಷ ನಕ್ಕರು. “ಯಾ ಅಲ್ಲಾ! ಒಂದು ಗುಟುಕು ಕುಡಿಯೋದು ಎಂ.ಎ. ಸಾಬ್! ಟ್ಯಾಂಕ್ ತುಂಬಿಸೋದಲ್ಲ!”

ಸಂತೋಷವಾದಾಗ ನಾನು ಬೇಟಾ, ತಪ್ಪು ಮಾಡಿದಾಗ ಎಂ.ಎ. ಸಾಬ್. ಮೊದಲ ಮೂರು ತಿಂಗಳು ಬೇಟಾ ಅನ್ನಿಸಿಕೊಂಡದ್ದು ಬೆರಳೆಣಿಕೆ.

ಈಗ ಪ್ರಾಜೆಕ್ಟಿನ ವಿಷಯ. ಪೂರ್ವ ಬೆಂಗಳೂರಿನಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಒಂದು ಮಕ್ಕಳ ಮನೆ ತೆರೆಯಲು ಕೆಲವು ದಾನಿಗಳು ಸೇರಿ ಒಪ್ಪಿದ್ದರು. ಹಗಲಿಡೀ ಮಕ್ಕಳನ್ನು ನೋಡಿಕೊಳ್ಳುವ, ಊಟ ಹಾಕುವ ಜಾಗ. ಒಂದೇ ಒಂದು. ಎಲ್ಲಿ ತೆರೆಯಬೇಕು ಎಂಬುದನ್ನು ನಮ್ಮ ಸರ್ವೆ ಹೇಳಬೇಕು. ಕೊನೆಗೆ ಉಳಿದದ್ದು ಎರಡು ಜಾಗ: ಮಹದೇವಪುರದಲ್ಲಿ ಬಳಸದೆ ಬಿಟ್ಟಿದ್ದ ಒಂದು ಹಾಲ್, ಇಲ್ಲವೇ ಕೆ.ಆರ್. ಪುರದಲ್ಲಿ ಶೀಟ್ ಹೊದಿಸಿದ ರೂಮುಗಳ ಸಾಲು. ಆ ರೂಮುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದರು. ಎಲ್ಲಿ ಚಿಕ್ಕ ಮಕ್ಕಳು ಹೆಚ್ಚೋ ಅಲ್ಲಿಗೆ ಮಕ್ಕಳ ಮನೆ. ಲೆಕ್ಕ ಅಷ್ಟು ಸರಳ.

ನಾನು ಯಾವ ವಾರ ಯಾವ ಕೆಲಸ ಎಂದು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ. ಒಂಬತ್ತು ಬಣ್ಣ. ದೂರದಿಂದ ನೋಡಿದರೆ ದಸರಾ ಗೊಂಬೆಗಳಿಗೆ ಉಡಿಸಿದ ಸೀರೆಗಳ ಹಾಗಿತ್ತು. ಆಪಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಇದ್ರಲ್ಲಿ ನೀರು ಬರೋ ದಿನ ಎಲ್ಲಿದೆ?”

“ನೀರು?”

“ನೀರು ಬರೋ ದಿನ ಹೆಂಗಸರು ಮಾತಾಡಲ್ಲ. ಕೊಡ ಬಿಟ್ಟು ಯಾರ್ ಬರ್ತಾರೆ? ಹೋಗ್ಲಿ, ಶುಕ್ರವಾರದ ಜುಮ್ಮಾ ನಮಾಜು ಎಲ್ಲಿದೆ? ಸಂತೆ ಎಲ್ಲಿದೆ? ಬೆಳಿಗ್ಗೆ ಹತ್ತರಿಂದ ಸಂಜೆ ಐದು ಅಂತ ಬರ್ದಿದೀಯ. ಇದು ಅವರ ಟೈಮಾ, ನಿನ್ ಟೈಮಾ?”

“ಆಫೀಸ್ ಟೈಮು ಆಪಾ.”

“ಹೌ, ಹೌದು. ಆಫೀಸಿಗೇ ಹೋಗಿ ಸರ್ವೆ ಮಾಡು ಹಂಗಾದ್ರೆ.”

ಪ್ರಶ್ನಾವಳಿಯನ್ನೂ ನಾನೇ ಬರೆದಿದ್ದೆ. ಫೀಲ್ಡಿಗೆ ಹೋಗುವ ಮೊದಲು ತಮ್ಮನ್ನೇ ಕೂರಿಸಿ ಕೇಳು ಎಂದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: “ನಿಮ್ಮ ಕುಟುಂಬದಲ್ಲಿ ಶಿಶುಪಾಲನೆಯ ಪ್ರಾಥಮಿಕ ಹೊಣೆಗಾರಿಕೆಯನ್ನು ಯಾರು ನಿರ್ವಹಿಸುತ್ತಾರೆ?” ಆಪಾ ಗಂಭೀರವಾಗಿ ನನ್ನನ್ನೇ ನೋಡಿದರು. “ಇದನ್ನ ಇವತ್ತು ಮನೆಗೆ ಹೋಗಿ ನಿಮ್ಮಮ್ಮನಿಗೆ ಕೇಳು. ಅವ್ರು ಊಟ ಹಾಕಿದ್ರೆ ನಾಳೆ ಫೀಲ್ಡಲ್ಲೂ ಕೇಳೋಣ.” ನಾನು ಕೇಳಲಿಲ್ಲ. ಆ ಪ್ರಶ್ನೆ ‘ನೀವು ಕೆಲಸಕ್ಕೆ ಹೋದಾಗ ಮಗು ಎಲ್ಲಿರುತ್ತೆ?’ ಎಂದಾಯಿತು.

ಇಷ್ಟೆಲ್ಲ ತಿದ್ದಿದ ಆಪಾ ಕೆ.ಆರ್. ಪುರದ ವಾರ ಅಣ್ಣನ ಮಗಳ ಮದುವೆಗೆಂದು ರಜೆ ಹಾಕಿದರು. “ಎರಡು ಸಲ ನೋಡು, ಒಂದು ಸಲ ಒತ್ತು” ಎಂದು ಟ್ಯಾಬ್ ತೋರಿಸಿ ಹೇಳಿ ಹೋದರು. ನಾನು ಒಂದು ಸಲ ನೋಡಿ ಎಲ್ಲವನ್ನೂ ಒತ್ತಿದೆ.

ಆದದ್ದಿಷ್ಟು. ಹನ್ನೆರಡು ಗಂಟೆಗೆ ಹೋದೆ. ಸಾಲಿನ ಎಲ್ಲ ಬಾಗಿಲಿಗೂ ಬೀಗ. ಟ್ಯಾಬಿನ ಫಾರಂನಲ್ಲಿ ಪ್ರತಿ ಮನೆಗೂ ಮೂರು ಆಯ್ಕೆ ಇದ್ದವು: ‘ಜನ ಇದ್ದಾರೆ’, ‘ಖಾಲಿ ಮನೆ’, ‘ಉತ್ತರ ಕೊಡಲು ಒಪ್ಪಲಿಲ್ಲ’. ‘ಬೀಗ ಹಾಕಿದೆ, ಮತ್ತೆ ಬರಬೇಕು’ ಎಂಬ ಆಯ್ಕೆ ಇರಲಿಲ್ಲ. ಒಂದನ್ನು ಒತ್ತದಿದ್ದರೆ ಟ್ಯಾಬ್ ಮುಂದಿನ ಮನೆಗೆ ಬಿಡುತ್ತಿರಲಿಲ್ಲ. ಅಂಥ ಫಾರಂ ಮಾಡಿದ ಮಹಾನುಭಾವ ಯಾರು ಎಂದು ಬೈದುಕೊಳ್ಳಲು ಹೋಗಿ, ಅದು ನಾನೇ ಎಂದು ನೆನಪಾಯಿತು. ಬಿಸಿಲು ಜೋರಾಗಿತ್ತು. ಜನ ಇದ್ದಾರೆ ಎಂದರೆ ನಲವತ್ತು ಪ್ರಶ್ನೆಗೆ ಉತ್ತರ ತುಂಬಬೇಕು. ಒಪ್ಪಲಿಲ್ಲ ಎನ್ನೋಣವೆಂದರೆ ಬೀಗ ಏನನ್ನೂ ಹೇಳಿರಲಿಲ್ಲ. ಉಳಿದದ್ದು ಖಾಲಿ. ಒತ್ತಿದೆ. ಮುಂದಿನದಕ್ಕೂ ಒತ್ತಿದೆ. ಒಂದು ಬಾಗಿಲ ಹಿಂದೆ ತಟ್ಟೆ ಬಿದ್ದ ಸದ್ದಾಯಿತು. ಇಲಿ ಅಂದುಕೊಂಡೆ. ಅದಕ್ಕೂ ಒತ್ತಿದೆ.

ಮುಂದಿನದು ಚಪ್ಪಾಳೆ, ದಿಲ್‌ಪಸಂದ್. ನನ್ನ ನಕ್ಷೆಯಲ್ಲಿ ಆ ಸಾಲು ಬೆಳ್ಳಗೆ, ಸೊನ್ನೆ ಮಕ್ಕಳೊಂದಿಗೆ ಹೊಳೆಯಿತು. ಮಹದೇವಪುರದ ಹಾಲ್ ಗೆದ್ದಂತೆಯೇ. ಮುಂದಿನ ಶುಕ್ರವಾರ ದಾನಿಗಳು ಕೂತು ತೀರ್ಮಾನಿಸುವುದಷ್ಟೇ ಬಾಕಿ.

ಅದಕ್ಕೆ ಒಂದು ವಾರ ಮೊದಲಿನ ಶುಕ್ರವಾರ ಅಮ್ಮನಿಗೆ ಪೂಜೆಗೆ ಹೂವು ಬೇಕಿತ್ತು. ಕೆ.ಆರ್. ಪುರದ ಮಾರ್ಕೆಟ್ಟಿನಲ್ಲಿ ತಾಜಾ ಸಿಗುತ್ತದೆ ಎಂದು ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸಿ ಕಳಿಸಿದರು. ಸೇವಂತಿಗೆಯ ಕವರ್ ಸ್ಕೂಟರಿಗೆ ನೇತುಹಾಕಿಕೊಂಡು, ಹತ್ತಿರದ ದಾರಿ ಎಂದು ಆ ಸಾಲಿನ ಮುಂದೆಯೇ ಬಂದೆ.

ಎಲ್ಲ ಬಾಗಿಲೂ ತೆರೆದಿದ್ದವು. ಒಲೆಯ ಹೊಗೆ, ರೊಟ್ಟಿ ಬಡಿಯುವ ಸದ್ದು, ನಲ್ಲಿಯ ಮುಂದೆ ಜಗಳ. ಎಲ್ಲಿ ನೋಡಿದರೂ ಮಕ್ಕಳು. ಒಂದು ಟೆಂಪೋ ಹಾರ್ನ್ ಹಾಕುತ್ತಾ ನಿಂತಿತ್ತು. ಹೆಂಗಸರು ಸಿಮೆಂಟಿನ ಬಾಂಡ್ಲಿಗಳನ್ನು ಒಳಗೆಸೆದು, ಕೂಸುಗಳನ್ನು ಕೈಯಿಂದ ಕೈಗೆ ಏರಿಸಿ, ತಾವೂ ಹತ್ತುತ್ತಿದ್ದರು. ಎಲ್ಲ ಮಕ್ಕಳೂ ಹತ್ತಲಿಲ್ಲ. ಒಬ್ಬ ಹೆಂಗಸು ಐದು ವರ್ಷದ ಒಂದು ಹುಡುಗಿಯನ್ನೂ ಅವಳ ಸೊಂಟದ ಮೇಲಿದ್ದ ಪುಟ್ಟ ತಮ್ಮನನ್ನೂ ಒಳಗೆ ಬಿಟ್ಟು, ರೊಟ್ಟಿಯ ಬುಟ್ಟಿ ಒಳಗೆ ಸರಿಸಿ, ಹೊರಗಿನಿಂದ ಬೀಗ ಹಾಕಿದಳು. ಎರಡು ಸಲ ಎಳೆದು ನೋಡಿದಳು. ಟೆಂಪೋ ಹೋಯಿತು.

ತಟ್ಟೆ ಬಿದ್ದ ಸದ್ದಾದ ಬಾಗಿಲು ಅದೇ.

ನಾನು ಏನನ್ನಾದರೂ ತಮಾಷೆಯಾಗಿ ಹೇಳಬಲ್ಲೆ ಎಂದು ನನಗೆ ಹೆಮ್ಮೆಯಿದೆ. ಇದನ್ನು ಹೇಳಲು ಬರುವುದಿಲ್ಲ. ಸ್ಕೂಟರ್ ತಳ್ಳಿಕೊಂಡು ಮುಖ್ಯರಸ್ತೆಯವರೆಗೆ ಬಂದೆ. ಮನೆಗೆ ಬಂದಾಗ ಅಮ್ಮ, “ಹೂವು ತರೋಕೆ ಹೋದವನು ತಿಥಿಗೆ ಹೋಗಿ ಬಂದಂಗಿದೀಯಲ್ಲೋ” ಎಂದರು.

ಅವತ್ತೇ ಹೋಗಿ ವತ್ಸಲಾ ಮೇಡಂಗೆ ಹೇಳಿಬಿಟ್ಟೆ ಎಂದು ಬರೆಯಲು ಆಸೆ. ಹೇಳಲಿಲ್ಲ. ನನ್ನ ಪ್ರೊಬೇಷನ್ ಮುಗಿಯಲು ಹತ್ತು ದಿನ ಉಳಿದಿತ್ತು. ಶುಕ್ರವಾರ ತಲೆನೋವು ಬಂತು. ಶನಿವಾರ ಹೊಟ್ಟೆನೋವು ಬಂತು. ಭಾನುವಾರ ಯಾವ ನೋವನ್ನು ತರಿಸಿಕೊಳ್ಳಲಿ ಎಂದು ಯೋಚಿಸುತ್ತಾ ಮಲಗಿದ್ದೆ. ಸೋಮವಾರ ಮೇಡಂ ಬಾಗಿಲವರೆಗೆ ಹೋಗಿ ಸ್ಟೇಪ್ಲರ್ ಕೇಳಿಕೊಂಡು ವಾಪಸ್ ಬಂದೆ. ಮಂಗಳವಾರದ ಹೊತ್ತಿಗೆ ನನ್ನ ಮೇಜಿನ ಮೇಲೆ ಮೂರು ಸ್ಟೇಪ್ಲರ್ ಇದ್ದವು. ಆಪಾ ಶನಿವಾರವೇ ರಜೆ ಮುಗಿಸಿ ಬಂದಿದ್ದರು. ನನ್ನ ಫಾರಂಗಳನ್ನು ಅವರು ಪರಿಶೀಲಿಸಿ ಸಹಿ ಹಾಕಬೇಕು, ಇನ್ನೂ ಹಾಕಿರಲಿಲ್ಲ. ಏನೂ ಕೇಳಲಿಲ್ಲ. ಮದುವೆಯ ಬಿರಿಯಾನಿಯ ಬಗ್ಗೆ ಮಾತ್ರ ಮಾತಾಡಿದರು.

ಮಂಗಳವಾರ ಸಂಜೆ ಶಿವಾಜಿನಗರಕ್ಕೆ, ಅವರ ಅಣ್ಣನ ಅಂಗಡಿಗೆ ಹೋದೆ. ಆಪಾ ಒಂದು ಸ್ಟೂಲಿನ ಮೇಲೆ ಕೂತು ಬೆರೆತುಹೋದ ಗುಂಡಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ನಾನು ಎಂದಿನಂತೆ ನಗಿಸುತ್ತಾ ಶುರು ಮಾಡಿದೆ. ಚಿತ್ರಾನ್ನ, ಬಿಸಿಲು, ಮೂರು ಆಯ್ಕೆ. ಅವರು ನಗಲಿಲ್ಲ. ಬೀಗದ ಹುಡುಗಿಯವರೆಗೆ ಬರುವಾಗ ನನಗೂ ನಗು ನಿಂತಿತ್ತು.

“ಮೇಡಂಗೆ ಹೇಳಿದ್ಯಾ?”

“ಇಲ್ಲ ಆಪಾ. ಮೊದ್ಲು ನಿಮ್ಗೆ ಹೇಳೋಣ ಅಂತ.”

“ನನಗೆ ಹೇಳಿದ್ರೆ ನಿನ್ ಹೊಟ್ಟೆ ಹಗುರ ಆಗುತ್ತೆ. ಆ ಮಕ್ಕಳಿಗೆ ಏನಾಗುತ್ತೆ?”

ಅವರು ನಾಲ್ಕು ತೂತಿನ ಗುಂಡಿಗಳನ್ನೆಲ್ಲ ಒಂದು ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು.

“ನನ್ ಕೆಲ್ಸ ಹೋಗುತ್ತೆ ಆಪಾ.”

“ಹೋಗ್ಬಹುದು” ಎಂದರು. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. “ನಾಳೆ ಬೆಳಿಗ್ಗೆ ಐದೂವರೆಗೆ ಕೆ.ಆರ್. ಪುರ. ಟ್ಯಾಬ್ ನಕ್ಕೋ, ಅದು ಬೇಡ. ಕಾಗದ ತಗೊಂಡ್ ಬಾ.”

ಬುಧವಾರ ನಾನು ಐದು ಇಪ್ಪತ್ತಕ್ಕೆ ಹೋದರೆ ಅವರು ಆಗಲೇ ಬಂದು, ನೋಯುವ ಮಂಡಿಯನ್ನು ನೀವಿಕೊಳ್ಳುತ್ತಾ ಒಂದು ಕಲ್ಲಿನ ಮೇಲೆ ಕೂತಿದ್ದರು. ಮೊದಲ ಬಾಗಿಲಿನ ಮುಂದೆ ನಿಂತು, “ತಟ್ಟು” ಎಂದರು ನನಗೆ. ಮೂರು ಸಲ ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ಬೀದಿಯ ಕಡೆ ತಿರುಗಿ ನಿಂತೆ. ಬಾಗಿಲು ತೆರೆಯಿತು. ಅದೇ ಹೆಂಗಸು. ಹೆಸರು ಶರಣಮ್ಮ, ಯಾದಗಿರಿ ಕಡೆಯವಳು. ನನ್ನನ್ನು ನೋಡಿದಳು, ಆಪಾರನ್ನೂ ನೋಡಿದಳು. “ಯಾರ್ರೀ? ಏನಾಗ್ಬೇಕಿತ್ತು?” ಎಂದಳು.

“ಒಂದು ಲೋಟ ನೀರು ಕೊಡ್ತೀರಾ ಅಕ್ಕ?” ಎಂದೆ. ಕೊಟ್ಟಳು. ಒಂದು ಗುಟುಕು ಕುಡಿದು ನಿಜ ಹೇಳಿದೆ: ಮಕ್ಕಳ ಮನೆಗೆ ಸರ್ವೆ ಮಾಡಲು ಬಂದಿದ್ದೆ, ಬೀಗ ಇತ್ತು, ಯಾರೂ ಇಲ್ಲ ಎಂದು ಬರೆದೆ.

“ಯಾರೂ ಇಲ್ಲಂದ್ರ? ನಾವು ಸತ್ತೀವಂತ ಬರದೀರೇನ್ರಿ?” ಎಂದಳು ಶರಣಮ್ಮ. ಪಕ್ಕದ ರೂಮಿನಿಂದ ಇನ್ನೊಬ್ಬಳು ಹಣಕಿ, “ಏ, ನಾವು ಖಾಲಿ ಅಂತ ನೋಡವ್ವಾ! ಹಂಗಾದ್ರ ಬಾಡಿಗಿ ಕೊಡೂದು ಬ್ಯಾಡನೂ?” ಎಂದು ಕೂಗಿದಳು. ಇಡೀ ಸಾಲು ನಕ್ಕಿತು. ನಾನು ನೆಲ ನೋಡುತ್ತಾ ನಿಂತೆ. ಆಪಾ ಕೂಡ ನಕ್ಕರು, ನನ್ನ ಪರ ಒಂದು ಮಾತೂ ಆಡಲಿಲ್ಲ.

ಆಮೇಲೆ ಕೆಲಸ ಎಷ್ಟು ಬೇಗ ಸಾಗಿತೆಂದರೆ ನನಗೇ ಆಶ್ಚರ್ಯ. ಆಪಾ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೆಂಗಸರು ತಾವಾಗಿಯೇ ಮಕ್ಕಳನ್ನು ಮುಂದಕ್ಕೆ ತಂದು ನಿಲ್ಲಿಸುತ್ತಿದ್ದರು. ನಾನು ಕಾಗದದಲ್ಲಿ ಹೆಸರು, ವಯಸ್ಸು ಬರೆದೆ. ಬರೆದ ಮನೆಯ ಗೋಡೆಗೆ ಆಪಾ ಸೀಮೆಸುಣ್ಣದಿಂದ ಗುರುತು ಹಾಕಿದರು. ಟೆಂಪೋ ಹಾರ್ನ್ ಹಾಕುವ ಹೊತ್ತಿಗೆ ಸಾಲು ಮುಗಿದಿತ್ತು. ಇಷ್ಟು ವರ್ಷ ಬಾಗಿಲು ತಟ್ಟಿದ ಕೈಗುಣ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಆಪಾ ನನ್ನ ಜೊತೆ ಮೇಡಂ ರೂಮಿಗೆ ಬಂದರು, ಪಕ್ಕದ ಕುರ್ಚಿಯಲ್ಲಿ ಕೂತರು. ಮಾತು ಅವರೇ ಶುರು ಮಾಡುತ್ತಾರೆಂದು ಕಾದೆ. ಅವರು ಫ್ಯಾನು ನೋಡುತ್ತಿದ್ದರು.

“ಮೇಡಂ, ಕೆ.ಆರ್. ಪುರದ ಸಾಲು ಖಾಲಿ ಇಲ್ಲ” ಎಂದೆ.

“ಅಂದ್ರೆ?”

“ಅಂದ್ರೆ ತುಂಬಿದೆ ಮೇಡಂ. ನಾನು ಹೋದಾಗ ಬೀಗ ಇತ್ತು. ಫಾರಂನಲ್ಲಿ ಬೀಗಕ್ಕೆ ಜಾಗ ಇರ್ಲಿಲ್ಲ. ಫಾರಂ ಮಾಡಿದ್ದೂ ನಾನೇ. ನಿನ್ನೆ ಮತ್ತೆ ಹೋಗಿ ಬರ್ಕೊಂಡ್ ಬಂದ್ವಿ.” ಕಾಗದಗಳನ್ನು ಮುಂದಿಟ್ಟೆ.

ಮೇಡಂ ಒಂದೊಂದೇ ತಿರುಗಿಸಿದರು. “ಗೊತ್ತಾಗಿ ಎಷ್ಟು ದಿನ ಆಯ್ತು ಸುಹಾಸ್?”

“ಶುಕ್ರವಾರ ಗೊತ್ತಾಯ್ತು ಮೇಡಂ.”

“ಇವತ್ತು ಗುರುವಾರ. ನಾಳೆ ತೀರ್ಮಾನ. ಇಷ್ಟು ದಿನ ಏನ್ ಮಾಡ್ತಿದ್ರಿ?”

ಮೂರು ಸಲ ಆಪಾ ಕಡೆ ನೋಡಿದೆ. ಫ್ಯಾನು ಅವರಿಗೆ ಬಹಳ ಹಿಡಿಸಿತ್ತು.

“ಹೆದ್ರಿಕೊಂಡಿದ್ದೆ ಮೇಡಂ.”

ಕೆಳಗಿನಿಂದ ಡ್ರಿಲ್ಲಿನ ಸದ್ದು ಬಂತು. ಮೇಡಂ ಕನ್ನಡಕ ತೆಗೆದಿಟ್ಟರು. “ಒಂದು ವಾರದ ಕೆಲ್ಸ ಒಂದು ಮಧ್ಯಾಹ್ನಕ್ಕೆ ಮುಗಿದಾಗ ನಾನೂ ಕೇಳ್ಬೇಕಿತ್ತು. ಚಪ್ಪಾಳೆ ತಟ್ಟಿದೆ. ಅದು ನನ್ ತಪ್ಪು. ಉಳಿದಿದ್ದು ನಿಮ್ದು. ನಾಳೆ ದಾನಿಗಳ ಮುಂದೆ ನೀವೇ ಹೇಳ್ಬೇಕು. ಪ್ರೊಬೇಷನ್ ಇನ್ನೂ ಮೂರು ತಿಂಗಳು.”

ಮಾರನೆಯ ದಿನ ಹೇಳಿದೆ. ಎಷ್ಟು ತೊದಲಿದೆನೆಂದರೆ ದಾನಿಗಳಲ್ಲೊಬ್ಬರು ತಮ್ಮ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಅವರಿಗೆ ನಮ್ಮ ಹಳೆಯ ನಕ್ಷೆಯ ಮೇಲೂ ನಂಬಿಕೆ ಹೋಗಿತ್ತು, ಹೊಸ ಕಾಗದದ ಮೇಲೂ ಬಂದಿರಲಿಲ್ಲ. ತಮ್ಮವರಲ್ಲೇ ಒಬ್ಬರನ್ನು ಬೆಳಿಗ್ಗೆ ಆರಕ್ಕೆ ಕಳಿಸಿ ನೋಡಿಸಿದರು. ಬಿಳಿ ಶೂ ಹಾಕಿಕೊಂಡು ಬಂದ ಅವರು ಕೆಮ್ಮಣ್ಣು ಮೆತ್ತಿ ಕೆಂಪು ಶೂ ಹಾಕಿಕೊಂಡು ವಾಪಸ್ ಹೋದರು. ಎರಡು ತಿಂಗಳಿಗೆ ಆ ಸಾಲಿನಲ್ಲೇ ಎರಡು ರೂಮು ಹಿಡಿದು ಮಕ್ಕಳ ಮನೆ ತೆರೆಯಿತು. ಟೆಂಪೋಗಿಂತ ಮೊದಲು, ಬೆಳಿಗ್ಗೆ ಐದೂಮುಕ್ಕಾಲಿಗೆ ಬಾಗಿಲು ತೆಗೆಯಬೇಕು ಎಂದು ಆಪಾ ಹಟ ಹಿಡಿದಿದ್ದರು. ಮಹದೇವಪುರದಲ್ಲೂ ಮಕ್ಕಳಿದ್ದರು. ಅವರಿಗಿನ್ನೂ ಏನೂ ಸಿಕ್ಕಿಲ್ಲ. ಅದಕ್ಕೆ ಈಗ ಬೇರೆ ದಾನಿಗಳನ್ನು ಹುಡುಕುತ್ತಿದ್ದೇವೆ.

ಆ ವರ್ಷದ ಕೊನೆಗೆ ಆಪಾ ಕೆಲಸ ಬಿಟ್ಟರು. ಎರಡೂ ಮಂಡಿ ಮೆಟ್ಟಿಲು ಬೇಡ ಎಂದಿದ್ದವು, ಅವರ ಕೆಲಸವೆಲ್ಲ ಮೆಟ್ಟಿಲೇ. ಆಂಬೂರಿನಲ್ಲಿದ್ದ ಮಗಳು ಬಂದು ಕರೆದಳು. ಆಫೀಸಿನಲ್ಲಿ ಶಾಲು ಹೊದಿಸಿದಾಗ ಅದರ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ಲೇಸು ಚೆನ್ನಾಗಿದೆ, ಹೊಲಿಗೆ ಸರಿ ಇಲ್ಲ” ಎಂದರು. ಕಂಟೋನ್ಮೆಂಟ್ ಸ್ಟೇಷನ್ನಿಗೆ ನಾನೇ ಬಿಡಲು ಹೋದೆ. ಚೀಲಗಳನ್ನು ಸೀಟಿನ ಕೆಳಗೆ ತಳ್ಳಿ ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ.

“ಫೋನ್ ಮಾಡ್ತೀನಿ ಆಪಾ.”

“ಮಾಡು. ಬೆಳಿಗ್ಗೆ ಮಾಡ್ಬೇಡ, ಮೊಮ್ಮಗಳನ್ನ ಸ್ಕೂಲಿಗೆ ರೆಡಿ ಮಾಡ್ಬೇಕು. ಎರಡರಿಂದ ನಾಲ್ಕು ಮಲಗ್ತೀನಿ. ಸಂಜೆ ನಮಾಜು, ಆಮೇಲೆ ಅವಳಿಗೆ ಓದಿಸ್ತೀನಿ.”

“ಮತ್ತೆ ಯಾವಾಗ ಮಾಡ್ಲಿ?”

“ಅದನ್ನ ನೀನೇ ಕಂಡ್ಹಿಡಿ ಬೇಟಾ.” ರೈಲು ಹೊರಟಿತು. ಅವರು ಕೈ ಬೀಸಲಿಲ್ಲ. ಆಗಲೇ ಎದುರು ಸೀಟಿನ ಹೆಂಗಸನ್ನು ನೀರು ಕೇಳುತ್ತಿದ್ದರು.

ಅದಾಗಿ ನಾಲ್ಕು ತಿಂಗಳಿಗೆ, ಮಕ್ಕಳ ಮನೆ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಲು ಬೆಳಿಗ್ಗೆ ಐದೂಮುಕ್ಕಾಲಿಗೆ ಒಬ್ಬನೇ ಹೋದೆ. ಶರಣಮ್ಮ ಮಗನನ್ನು ಆಯಮ್ಮನ ಕೈಗೆ ಕೊಟ್ಟು ಹೊರಗೆ ಬಂದಳು. ಟೆಂಪೋ ಇನ್ನೂ ಬಂದಿರಲಿಲ್ಲ.

“ಆ ಅಮ್ಮ ಬರಲಿಲ್ಲೇನ್ರಿ?” ಎಂದಳು.

“ಕೆಲಸ ಬಿಟ್ರು ಅಕ್ಕ. ಆಂಬೂರಿಗೆ ಹೋದ್ರು, ಮಗಳ ಮನೆಗೆ.”

“ಹೌದೇನು?” ಟೆಂಪೋ ಬಂತೇ ಎಂದು ರಸ್ತೆಯ ಕಡೆ ನೋಡಿದಳು. “ಹಂಗಾದ್ರ ಈಗ ಹೇಳಿದ್ರ ತಪ್ಪಿಲ್ಲ ಬಿಡ್ರಿ. ನೀವು ಕಾಗದ ಹಿಡಕೊಂಡ್ ಬಂದ್ರಲ್ಲ, ಅದಕ್ಕ ಮೊದಲಿನ ಐತವಾರ ಆಕಿ ಒಬ್ಬಾಕಿನೇ ಬಂದಿದ್ಳು. ಇನ್ನೂ ಕತ್ತಲಿತ್ರಿ. ಎಲ್ಲಾ ಮನಿ ತಿರುಗಿ, ಎಲ್ಲಾ ಕೂಸುಗಳ ಹೆಸರು ಬರಕೊಂಡು, ಕಾಗದ ಮಡಚಿ ಚೀಲದಾಗ ಇಟ್ಟಳು.”

ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ.

“ನಮ್ಮ ಹುಡುಗ ಒಬ್ಬಾಂವ ಬರ್ತಾನ, ನನ್ನನ್ನೂ ಕರಕೊಂಡ್ ಬರ್ತಾನ, ಆವಾಗ ನನ್ನ ಗುರ್ತ ಐತಿ ಅನಬ್ಯಾಡ್ರಿ ಅಂದ್ಳು. ನಾವೆಲ್ಲ ಹೂಂ ಅಂದಿವಿ. ನೀವು ಬಂದ ದಿನ ನಗಿ ತಡಕೊಳ್ಳೂದೇ ಆಗಿತ್ತು ನಮಗ.”

“ನಾನು ಬರ್ದೇ ಇದ್ದಿದ್ರೆ ಅಕ್ಕ?”

“ನಾನೂ ಅದನ್ನೇ ಕೇಳಿದ್ನಿ. ಬುಧವಾರ ತನಕ ಅವನ ದಾರಿ ನೋಡ್ತೀನಿ, ಬರಲಿಲ್ಲಂದ್ರ ಗುರುವಾರ ಈ ಕಾಗದ ನಾನೇ ಒಯ್ದು ಕೊಡ್ತೀನಿ, ನಿಮ್ಮ ಮಕ್ಕಳಿಗಿ ಏನೂ ಮೋಸ ಆಗಂಗಿಲ್ಲ ಅಂದ್ಳು.” ಟೆಂಪೋ ತಿರುವಿನಲ್ಲಿ ಕಾಣಿಸಿತು. ಶರಣಮ್ಮ ಬಾಂಡ್ಲಿ ಎತ್ತಿಕೊಂಡು ನನ್ನ ಮುಖ ನೋಡಿ ನಕ್ಕಳು. “ಸೋಮವಾರ ಮುಂಜಾನಿಂದ ನಾವೂ ದಾರಿ ನೋಡಿದಿವ್ರಿ. ಮಂಗಳವಾರನೂ ಇಲ್ಲ. ಬುಧವಾರ ಬಂದ್ರಿ ನೀವು, ಕಡೀ ಬಸ್ಸಿಗಿ ಓಡಿ ಬಂದವರಂಗ.”